ಬಡಾಯಿಯ ಹೊಟ್ಟೆಪಟ್ಟಿ

ಮಾರ್ಚ್ ೩, ಮಂಗಳವಾರ

ರಾತ್ರಿ ಎರಡೂ ಮುಕ್ಕಾಲು. ಹಿತ್ತಲಿನ ಲಾಯದಲ್ಲಿ ಕುದುರೆ ಹಲಗೆಗೆ ಒದ್ದ ಸದ್ದು. ಒಂದೇ ಒಂದು ಒದೆತ, ಆಮೇಲೆ ಏನೂ ಇಲ್ಲ. ಪಾಪು ಏಳಲಿಲ್ಲ, ನಾನು ಎದ್ದು ಕೂತೆ. ಬಂದ ಒದೆತ ಹೇಗೋ ತಡೆದುಕೊಳ್ಳಬಹುದು. ಇನ್ನೊಂದು ಬರುತ್ತದೆ ಎಂದು ಕಾಯುತ್ತ ಕೂರುವುದು ಕಷ್ಟ.

ನಿದ್ದೆ ಬಾರದಿದ್ದರೆ ಹೊರಳಾಡಬೇಡಿ, ಎದ್ದು ಕೂತು ಹೆದರಿಕೆ ಏನೆಂದು ಬರೆಯಿರಿ, ಗುರುತಿಲ್ಲದವರಿಗೆ ಹೇಳುವ ಹಾಗೆ ಮೊದಲಿಂದ ಬರೆಯಿರಿ, ಹಗಲಲ್ಲಿ ಓದಿದರೆ ನಿಮಗೇ ನಗು ಬರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಸರಿ, ಮೊದಲಿಂದ.

ಪಾಪುವಿಗೆ ಐದು ತಿಂಗಳು. ಇವರಿಗೆ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ, ರಾತ್ರಿಯೆಲ್ಲ ಮನೆಯಲ್ಲಿರುವುದಿಲ್ಲ. ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ನನ್ನ ರಜೆ ಮುಗಿಯುವವರೆಗೆ ಅಪ್ಪ ಅಮ್ಮನ ಮನೆಯಲ್ಲಿರುವುದೆಂದು ತೀರ್ಮಾನವಾಯಿತು. ಇವರು ಭಾನುವಾರ ಬಂದು ಹೋಗುತ್ತಾರೆ. ಇಲ್ಲಿರುವುದು ಅಪ್ಪ, ಅಮ್ಮ, ನನ್ನ ತಂಗಿ ಮತ್ತು ಅವಳ ಕುದುರೆ. ಮನೆಯ ಯಜಮಾನ ಯಾರು ಎಂದು ಯಾರಾದರೂ ಕೇಳಿದರೆ ಹಿತ್ತಲಿನ ಕಡೆಗೇ ಕೈ ತೋರಿಸಬೇಕು.

ತಂಗಿ ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಓಟಕ್ಕೆ ಇನ್ನು ಬಾರದು ಎಂದು ಯಾರೋ ಕೈಬಿಟ್ಟ ಕುದುರೆಯನ್ನು ಆರು ವರ್ಷದ ಕೆಳಗೆ ಅಲ್ಲಿಂದಲೇ ಹೊಡೆದುಕೊಂಡು ಬಂದಳು. ಅಪ್ಪ ತುಟಿ ಪಿಟಕ್ಕೆನ್ನದೆ ಕಾರಿನ ಶೆಡ್ಡನ್ನು ಲಾಯ ಮಾಡಿಕೊಟ್ಟ. ಕಾರು ಅಂದಿನಿಂದ ಬೀದಿಯಲ್ಲಿ ಬಿಸಿಲು ಕಾಯುತ್ತಿದೆ. ಅಮ್ಮ ಅವಳ ಸವಾರಿಯ ಬಿಳಿ ಪ್ಯಾಂಟಿನಿಂದ ಕುದುರೆಬೆವರಿನ ಕಲೆ ತೆಗೆಯುವುದರಲ್ಲಿ ಪಂಡಿತೆಯಾದಳು. ಇಪ್ಪತ್ತಾರು ತುಂಬಿದ ಮಗಳಿಗೆ ಇಷ್ಟೆಲ್ಲ ಮಾಡಬೇಕಾ ಎಂದು ಪಕ್ಕದ ಮನೆಯವರು ಕೇಳಿದರೆ, "ದೊಡ್ಡೋರಾದ್ರು ಅಂತ ಬೆನ್ನ ಮೇಲಿನ ಕೈ ತೆಗೆದುಬಿಡ್ತಾರಾ?" ಎನ್ನುತ್ತಾಳೆ. ನನಗೆ ಕಾಲೇಜಿಗೆ ಹೋಗಲು ಸೈಕಲ್ಲು ಕೊಡಿಸಿದರೆ ಬೀಳುತ್ತೀಯ ಎಂದು ಬಸ್ಸಿಗೆ ಹತ್ತಿಸಿದ್ದು ಇದೇ ಅಮ್ಮ. ಇರಲಿ.

ಅಡ್ಡಗೋಲುಗಳ ಮೇಲೆ ಕುದುರೆ ಹಾರಿಸುವ ಸ್ಪರ್ಧೆಗಳಿಗೆ ತಂಗಿ ಹೋಗುತ್ತಾಳೆ. ಈ ತಿಂಗಳ ಕೊನೆಗೆ ಬೇರೆ ಊರಲ್ಲಿ ದೊಡ್ಡದೊಂದು ಇದೆ. ಅಡ್ಡಗೋಲುಗಳು ನನ್ನ ಎದೆಯ ಮಟ್ಟಕ್ಕೆ ಬರುತ್ತವೆ. ನನ್ನ ಹೆದರಿಕೆ ಇಷ್ಟೇ: ಅವಳು ಬೀಳುತ್ತಾಳೆ.

ಬರೆದಾಯಿತು. ನಗು ಬರಲಿಲ್ಲ. ಇನ್ನೂ ಹಗಲಾಗಿಲ್ಲ, ಅದಕ್ಕಿರಬೇಕು.

ಮಾರ್ಚ್ ೫, ಗುರುವಾರ

ಬೆಳಗಿನ ಅಭ್ಯಾಸ ನೋಡಲು ಹೋಗಿದ್ದೆ. ಮನೆಗಳ ಸಾಲಿನ ಹಿಂದೆ ಇಟ್ಟಿಗೆ ಗೂಡಿನವರು ಬಿಟ್ಟುಹೋದ ಬಯಲಿದೆ, ಅಲ್ಲೇ ಅಡ್ಡಗೋಲುಗಳನ್ನು ನೆಟ್ಟುಕೊಂಡಿದ್ದಾರೆ. ನಾನು ಪಾಪುವನ್ನು ಎದೆಗೆ ಕಟ್ಟಿಕೊಂಡು ಗೇಟಿನ ಹೊರಗೇ ನಿಂತೆ.

"ಒಳಗೆ ಬಾರೇ. ಅವನು ತಿನ್ನೋದು ಹುಲ್ಲು, ಮಕ್ಕಳನ್ನಲ್ಲ," ಎಂದು ಅಪ್ಪ ಕೂಗಿದ.

"ಇಲ್ಲೇ ಚೆನ್ನಾಗಿ ಕಾಣುತ್ತೆ," ಎಂದೆ.

ಕುದುರೆಗೆ ಬಡಾಯಿ ಎಂದು ಹೆಸರಿಟ್ಟವನು ಅಪ್ಪನೇ. ಬೆನ್ನಿನ ಮೇಲೆ ಜೀನು ಹಾಕಿ ಹೊಟ್ಟೆಪಟ್ಟಿ ಬಿಗಿಯುವಾಗ ಅದು ಉಸಿರು ಹಿಡಿದು ಹೊಟ್ಟೆ ಉಬ್ಬಿಸಿ ನಿಲ್ಲುತ್ತದೆ. ಪಟ್ಟಿ ಬಿಗಿಯಾಗಿಬಿಟ್ಟಿದೆ ಎಂದು ಎದುರಿಗಿರುವವರು ನಂಬಬೇಕು, ಅಷ್ಟೇ ಅದರ ಆಸೆ. ಒಂದು ಸುತ್ತು ನಡೆಸಿದರೆ ಗಾಳಿ ಇಳಿದು ಪಟ್ಟಿ ಜೋಲುತ್ತದೆ. ಆಗ ಇನ್ನೊಮ್ಮೆ ಎಳೆದು ಎರಡು ತೂತು ಮೇಲೆ ಹಾಕಬೇಕು. ಹಾಕದಿದ್ದರೆ ಜೀನು ಹತ್ತಿದವರ ಸಮೇತ ಪಕ್ಕಕ್ಕೆ ಜಾರುತ್ತದೆ. "ಬಡಾಯಿ ಕೊಚ್ಚೋರೆಲ್ಲ ಅಷ್ಟೇ. ಒಂದು ಸುತ್ತು ನಡೆಸು, ಗಾಳಿ ತಾನೇ ಇಳಿಯುತ್ತೆ," ಎಂದು ನಮ್ಮ ಮದುವೆಯಾದ ಹೊಸತರಲ್ಲಿ ಅಪ್ಪ ಹೇಳಿದ್ದ, ಇವರ ಮುಖವನ್ನೇ ನೋಡುತ್ತ.

ಅಪ್ಪ ಬಸ್ ಡಿಪೋದಲ್ಲಿ ಬ್ರೇಕ್ ಮೆಕ್ಯಾನಿಕ್ ಆಗಿದ್ದವನು. ನಟ್ಟು ಬಿಗಿದಾದ ಮೇಲೆ ಸ್ಪ್ಯಾನರಿನಿಂದ ಅದರ ತಲೆಗೆ ಎರಡು ಸಲ ತಟ್ಟುವುದು ಅವನ ರೂಢಿ. ತಟ್ಟಿದ ಸದ್ದು ಕೇಳಿದರೆ ಬಸ್ಸು ಹೊರಡಬಹುದು. ಕುದುರೆಗೂ ಅದೇ ಲೆಕ್ಕ. ಎರಡನೇ ಸಲ ಬಿಗಿದ ಮೇಲೆ ಹೊಟ್ಟೆಗೆ ಅಂಗೈಯಿಂದ ಎರಡು ತಟ್ಟು, "ಹೊರಡು" ಎನ್ನುತ್ತಾನೆ. ತಂಗಿ ಪಟ್ಟಿಯತ್ತ ಕಣ್ಣೂ ಹಾಯಿಸದೆ ಹತ್ತುತ್ತಾಳೆ. ಹತ್ತುವವರು ತಾವೇ ಮುಟ್ಟಿ ನೋಡಿಕೊಳ್ಳಬೇಕು ಎಂದು ಬುಧವಾರಕ್ಕೊಮ್ಮೆ ಬರುವ ತರಬೇತಿ ಮೇಷ್ಟ್ರು ಗದರುತ್ತಲೇ ಇರುತ್ತಾರೆ. "ಅಪ್ಪ ತಟ್ಟಿದ ಮೇಲೂ ನಾನು ಮುಟ್ಟಿ ನೋಡಿದ್ರೆ ಅವಮಾನ ಮಾಡಿದ ಹಾಗೆ ಮೇಷ್ಟ್ರೇ," ಎನ್ನುತ್ತಾಳೆ ಇವಳು.

ಇವತ್ತು ಎಲ್ಲ ಅಡ್ಡಗೋಲುಗಳ ಮೇಲೂ ಹಾರಿಸಿದಳು. ಪ್ರತಿ ಸಲವೂ ನಾನು ಕಣ್ಣು ಮುಚ್ಚಿದೆ. ನೋಡಲು ಹೋದವಳು ನೋಡಿದ್ದು ಗೇಟಿನ ತುಕ್ಕನ್ನು.

ಮಾರ್ಚ್ ೮, ಭಾನುವಾರ

ಜೀನು ಜಾರಿತು.

ತಂಗಿ ಬಯಲಿನ ಮೂಲೆಯಲ್ಲಿ ಕುದುರೆಯನ್ನು ತಿರುಗಿಸುತ್ತಿದ್ದಳು. ನೋಡುನೋಡುತ್ತಲೇ ಅವಳು ಒಂದು ಕಡೆಗೆ ವಾಲಿದಳು. ಅವಳೇ ಬಾಗಿದಳು ಎಂದುಕೊಂಡೆ. ಬಾಗಿದ್ದಲ್ಲ, ಜೀನೇ ಅವಳನ್ನು ಹೊತ್ತುಕೊಂಡು ಹೊಟ್ಟೆಯ ಕಡೆಗೆ ತಿರುಗುತ್ತಿತ್ತು. ಕಾಲಿಡುವ ರಿಕಾಪಿನಿಂದ ಪಾದ ಕಿತ್ತುಕೊಂಡು ನೆಗೆದಳು, ಎರಡು ಹೆಜ್ಜೆ ಮುಗ್ಗರಿಸಿ ನಿಂತಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಇವತ್ತು ಜಾಸ್ತಿ ಉಬ್ಬಿಸಿದಾನೆ ಕಳ್ಳ," ಎಂದ ಅಪ್ಪ. ಅವನೂ ನಕ್ಕ.

ಅಪ್ಪ ಎರಡನೇ ಸಲ ಬಿಗಿಯಲಿಲ್ಲ. ಮೊದಲ ಸಲ ಬಿಗಿದ, ಒಂದು ಸುತ್ತು ನಡೆಸಿದ, ಬಂದು ತಟ್ಟಿದ. ನಾನು ಗೇಟಿನಿಂದ ನೋಡಿದೆ. ನೋಡಿದೆ ಎಂದೇ ಅನಿಸುತ್ತದೆ.

ಮಧ್ಯಾಹ್ನ ಇವರಿಗೆ ಹೇಳಿದೆ. ಪಾಪುವಿನ ಉಗುರು ಕತ್ತರಿಸುತ್ತಿದ್ದವರು ತಲೆಯೆತ್ತಿ, "ನೀನು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು?" ಎಂದರು. ನಾನು ಏನು ಹೇಳಿದರೂ ಈಗ ಎಲ್ಲರ ಉತ್ತರ ಇದೇ. ಬಿಸಿನೀರು ಕಾದಿಲ್ಲ ಎಂದರೂ ನನಗೆ ನಿದ್ದೆಯಾಗಿಲ್ಲ.

ಮಾರ್ಚ್ ೯, ಸೋಮವಾರ

ಇವತ್ತು ಅಪ್ಪ ಎರಡೂ ಸಲ ಬಿಗಿದ. ಚೆನ್ನಾಗಿ ಎಳೆದು ಬಿಗಿದು ಆಮೇಲೇ ತಟ್ಟಿದ. ನನಗೇ ತಲೆ ಕೆಟ್ಟಿದೆ. ಒಳ್ಳೆಯದಾಯಿತು.

ಮಾರ್ಚ್ ೧೩, ಶುಕ್ರವಾರ

ತಲೆ ಕೆಟ್ಟಿಲ್ಲ.

ಅಮ್ಮ ಹಿಂಬಾಗಿಲ ಕಲ್ಲಿನ ಮೇಲೆ ಕೂತು ಬಿಳಿ ಪ್ಯಾಂಟಿನ ಮೊಣಕಾಲು ಉಜ್ಜುತ್ತಿದ್ದಳು. ಪಾಪುವನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಪಕ್ಕದಲ್ಲಿ ನಿಂತೆ.

"ಅಮ್ಮಾ, ಅಪ್ಪ ಇವತ್ತು ಒಂದೇ ಸಲ ಬಿಗಿದ."

"ಏನು ಬಿಗಿದ್ರು?"

"ಹೊಟ್ಟೆಪಟ್ಟಿ. ಗಾಳಿ ಇಳಿದ ಮೇಲೆ ಇನ್ನೊಂದು ಸಲ ಬಿಗೀಬೇಕಲ್ಲ, ಅದನ್ನ ಬಿಟ್ಟು ತಟ್ಟಿಬಿಟ್ಟ."

"ಅವಳು ಬಿದ್ಲಾ?"

"ಇಲ್ಲ. ಇವತ್ತು ಬರೀ ನಡೆಸಿದ್ಲು."

"ಮತ್ತೆ?" ಅಮ್ಮ ಪ್ಯಾಂಟನ್ನು ತಿರುವಿ ಹಾಕಿದಳು. "ನಿನ್ನೆ ರಾತ್ರಿ ಗ್ಯಾಸ್ ಆರಿಸಿದೀವಾ ಅಂತ ಎಷ್ಟು ಸಲ ಎದ್ದು ಹೋದೆ? ನಂಗೆ ಕೇಳಿಸಲ್ಲ ಅಂದ್ಕೊಂಡಿದೀಯಾ? ನಿಂಗೆ ಹಗ್ಗ ಕಂಡ್ರೂ ಹಾವು."

"ಹಗ್ಗಾನೇ ಅಮ್ಮ ಸಡಿಲ ಆಗಿರೋದು."

ಅಮ್ಮ ನಗಲಿಲ್ಲ. ಉಜ್ಜುವುದನ್ನು ನಿಲ್ಲಿಸಿ ಸೋಪಿನ ನೊರೆಯನ್ನೇ ನೋಡುತ್ತ ಕೂತಳು. "ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಎದ್ದು ಡಿಪೋ ಬಟ್ಟೆ ಎಲ್ಲಿ ಅಂತ ಕೇಳಿದ್ರು," ಎಂದಳು. "ತಮಾಷೆಗೆ."

"ನೀನು ಏನಂದೆ?"

"ಒಗೆಯೋಕೆ ಹಾಕಿದೀನಿ ಅಂದೆ. ತಮಾಷೆಗೆ." ಮತ್ತೆ ಉಜ್ಜಲು ಶುರು ಮಾಡಿದಳು. "ಈ ಮಾತು ಅವರ ಹತ್ರ ಎತ್ತಬೇಡ. ರಿಟೈರ್ ಆದ್ಮೇಲೆ ಬೆಳಿಗ್ಗೆ ಎದ್ದೇಳೋಕೆ ಅವರಿಗೆ ಇರೋ ಕಾರಣ ಅದೊಂದೇ. ಮಗಳು ನನ್ನ ಕೈ ನಂಬಿ ಹತ್ತುತಾಳೆ ಅಂತ."

ಕಲೆ ಯಾವಾಗಲೋ ಹೋಗಿತ್ತು. ಅಮ್ಮ ಅದೇ ಜಾಗವನ್ನು ಉಜ್ಜುತ್ತಲೇ ಇದ್ದಳು.

ಮಾರ್ಚ್ ೧೬, ಸೋಮವಾರ

ಗೇಟು ದಾಟಿದೆ. ಹೇಗೆ ದಾಟಿದೆನೋ ಗೊತ್ತಿಲ್ಲ.

ಅಪ್ಪ ತಟ್ಟಿದ ಮೇಲೆ ಹತ್ತುವ ಸ್ಟೂಲು ತರಲು ಗೋಡೆಯ ಹತ್ತಿರ ಹೋಗುತ್ತಾನೆ. ತಂಗಿ ಆ ಹೊತ್ತಿಗೆ ಅತ್ತ ತಿರುಗಿ ಹೆಲ್ಮೆಟ್ಟಿನ ಪಟ್ಟಿ, ಕೈಗವಸು ಹಾಕಿಕೊಳ್ಳುತ್ತಾಳೆ. ಅಷ್ಟು ಹೊತ್ತು ಕುದುರೆಯನ್ನು ಯಾರೂ ನೋಡುವುದಿಲ್ಲ. ಇವತ್ತೂ ಎರಡನೇ ಬಿಗಿ ಇಲ್ಲದೆ ತಟ್ಟು ಬಿತ್ತು. ಪಾಪು ಎದೆಯ ಮೇಲೇ ಇತ್ತು. ಕುದುರೆಯ ಕಡೆ ನೋಡದೆ ನಡೆದುಹೋಗಿ ಜೀನಿನ ಕೆಳಗಿನ ಚರ್ಮ ಎತ್ತಿದೆ, ಪಟ್ಟಿ ಹಿಡಿದು ಎಳೆದೆ. ಮೂರನೇ ತೂತಿನಿಂದ ಐದನೆಯದಕ್ಕೆ. ಸಲೀಸಾಗಿ ಬಂತು. ಅಷ್ಟು ಸಡಿಲ ಇತ್ತು.

ಕುದುರೆ ಕತ್ತು ಹೊರಳಿಸಿ ಪಾಪುವಿನ ಟೋಪಿ ಮೂಸಿತು. ನಾನು ಟೋಪಿಯ ಮೇಲೆ ಅಂಗೈ ಮುಚ್ಚಿದೆ.

"ಅಕ್ಕಾ, ನೀನಾ?" ಎಂದಳು ತಂಗಿ ತಿರುಗಿ.

"ಪಾಪುವಿಗೆ ಕುದುರೆ ತೋರಿಸ್ತಾ ಇದ್ದೆ."

"ಪಾಪು ನಿದ್ದೆ ಮಾಡ್ತಿದೆ ಕಣೇ."

ಅವಳು ಹಾರಿಸುವಾಗ ಇವತ್ತು ಕಣ್ಣು ಮುಚ್ಚಲಿಲ್ಲ. ಜೀನನ್ನೇ ನೋಡುತ್ತಿದ್ದೆ. ಅಲುಗಲಿಲ್ಲ.

ಮಾರ್ಚ್ ೧೯, ಗುರುವಾರ

ದಿನಾ ಹೋಗುತ್ತಿದ್ದೇನೆ. ಕೆಲವು ದಿನ ಅಪ್ಪ ತಾನೇ ಬಿಗಿಯುತ್ತಾನೆ, ಕೆಲವು ದಿನ ಇಲ್ಲ. ಬಿಗಿದ ದಿನವೂ ಮುಟ್ಟಿ ನೋಡುತ್ತೇನೆ. ಬಡಾಯಿ ಕಿವಿ ಹಿಂದಕ್ಕೆ ಹಾಕಿದ್ದರೆ ಎಡಗಡೆಯಿಂದ ಹೋಗಬಾರದು, ಮೊದಲು ಕತ್ತಿನ ಮೇಲೆ ಕೈಯಿಟ್ಟು ಮಾತಾಡಿಸಬೇಕು. ಆಗ ಅವನು ಉಸಿರು ಬಿಡುತ್ತಾನೆ. ಬಿಡುವಾಗ ಎಳೆದರೆ ನೋವಿಲ್ಲ. ಇದನ್ನು ಅಪ್ಪ ಹೇಳಿಕೊಟ್ಟದ್ದಲ್ಲ, ಹೇಗೋ ತಿಳಿಯಿತು.

ಅಭ್ಯಾಸ ಮುಗಿದ ಮೇಲೆ ಲಾಯದಲ್ಲಿ ಹುಲ್ಲಿನ ಮೂಟೆಗೆ ಒರಗಿ ಪಾಪುವಿಗೆ ಹಾಲು ಕುಡಿಸುತ್ತ ಕೂತಿದ್ದೆ. ಬಡಾಯಿ ಮೇಯುವ ಸದ್ದು, ಒಂದೇ ಸಮ. ಅಮ್ಮ ಬಂದು, "ಊಟಕ್ಕೆ ಕರೆದು ಕರೆದು ಸಾಕಾಯ್ತು, ಕಿವಿ ಕೇಳಿಸಲ್ವಾ?" ಎಂದಳು. ಹೊತ್ತು ಹೇಗೆ ಹೋಯಿತೋ ತಿಳಿಯದು. ರಾತ್ರಿ ಮಾತ್ರ ಎಂದಿನ ಹಾಗೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು.

ಮಾರ್ಚ್ ೨೨, ಭಾನುವಾರ

ಇವರು ಬಂದವರೇ, "ಏನಿದು, ಮೈಯೆಲ್ಲ ಕುದುರೆ ವಾಸನೆ," ಎಂದರು. ಎಲ್ಲ ಹೇಳಿದೆ. ಈ ಸಲ ನಿದ್ದೆಯ ಮಾತೆತ್ತಲಿಲ್ಲ, ಸುಮ್ಮನೆ ಕೇಳಿದರು.

"ತಂಗಿಗೆ ಹೇಳಿಬಿಡು."

"ಹೇಳಿದ್ರೆ ಅವಳು ಮುಟ್ಟಿ ನೋಡೋಕೆ ಶುರು ಮಾಡ್ತಾಳೆ. ಅಪ್ಪನಿಗೆ ಅದೇ ಕ್ಷಣಕ್ಕೆ ಗೊತ್ತಾಗುತ್ತೆ."

"ಗೊತ್ತಾದ್ರೆ ಏನು?"

ಡಿಪೋ ಬಟ್ಟೆ ಕೇಳಿದ ಬೆಳಗಿನಲ್ಲಿ ಅಪ್ಪನ ಮುಖ ಹೇಗಿತ್ತೋ ಅದನ್ನು ನಾನು ನೋಡಿಲ್ಲ. ನೋಡಲು ಧೈರ್ಯವಿಲ್ಲ.

"ಸರಿ. ಹೇಗೂ ಸ್ಪರ್ಧೆಗೆ ನೀನೂ ಹೋಗ್ತೀಯಲ್ಲ. ಅವತ್ತೂ ನೀನೇ ಬಿಗಿ. ವಾಪಸ್ ಬಂದ್ಮೇಲೆ ಕೂತು ಮಾತಾಡೋಣ," ಎಂದರು. ನನಗೂ ಅದೇ ಸರಿ ಎನಿಸಿತು. ಇನ್ನೊಂದು ವಾರ. ನನ್ನ ಕೈಯಲ್ಲೇ ಇದೆ.

ಮಾರ್ಚ್ ೨೫, ಬುಧವಾರ

ನಾನೇ ಮಾಡಿದ್ದು. ಒಳ್ಳೆಯದಕ್ಕೆಂದು ಮಾಡಿದ್ದು ಇಲ್ಲಿಗೆ ಬಂದು ನಿಂತಿದೆ.

ಅಭ್ಯಾಸ ಮುಗಿದು ಮೇಷ್ಟ್ರು ಹೋದ ಮೇಲೆ ಅಪ್ಪ ಜೀನು ಇಳಿಸುತ್ತಿದ್ದ. ಪಟ್ಟಿ ಬಿಚ್ಚುವ ಮುಂಚೆ ಬಕ್ಕಲಿನ ಮೇಲೆ ಬೆರಳಿಟ್ಟು ತಂಗಿಯನ್ನು ಕರೆದ.

"ನೋಡಿಲ್ಲಿ, ಐದನೇ ತೂತು. ನಾನು ಒಂದೇ ಸಲ ಬಿಗಿದಿದ್ದು ಇವತ್ತು. ಬೇಕಂತಲೇ ಒಂದೇ ಸಲ ಬಿಗಿದೆ, ನೋಡೋಣ ಅಂತ. ಮೊನ್ನೆ ಬಿಚ್ಚುವಾಗಲೂ ಹೀಗೇ ಇತ್ತು."

"ಅಂದ್ರೆ?"

"ಅಂದ್ರೆ ಬಡಾಯಿ ಬಡಾಯಿ ಬಿಟ್ಟಿದಾನೆ. ಹೊಟ್ಟೆ ಉಬ್ಬಿಸ್ತಾ ಇಲ್ಲ. ಮೊದಲನೇ ಸಲಕ್ಕೇ ಐದಕ್ಕೆ ಬರ್ತಾನೆ." ಅಪ್ಪ ಅವನ ಹಣೆಗೆ ತನ್ನ ಹಣೆ ತಾಗಿಸಿದ. "ಆರು ವರ್ಷ ಬೇಕಾಯ್ತು ನೋಡು, ನನ್ನ ಕೈ ಮೇಲೆ ಇವನಿಗೆ ನಂಬಿಕೆ ಬರೋಕೆ. ಇನ್ಮೇಲೆ ಎರಡನೇ ಬಿಗಿ ಬೇಡ. ಪಾಪ, ಯಾಕೆ ಹಿಂಸೆ."

ತಂಗಿಗೂ ಕಣ್ಣು ತುಂಬಿಬಂತು. "ಹೆಸರು ಬದಲಾಯಿಸ್ಬೇಕಲ್ಲಪ್ಪಾ ಹಂಗಾದ್ರೆ," ಎಂದಳು.

ಎರಡು ಮಾರು ದೂರದಲ್ಲಿ ನಾನಿದ್ದೆ. ಬಾಯಿ ತೆರೆದರೆ ಸಾಕಿತ್ತು. ಅಪ್ಪ ಅಷ್ಟು ಸಂತೋಷವಾಗಿದ್ದದ್ದನ್ನು ನಿವೃತ್ತಿಯಾದ ಮೇಲೆ ನಾನು ನೋಡಿರಲಿಲ್ಲ. ಪಾಪುವನ್ನು ಎತ್ತಿಕೊಂಡು ಮನೆಯ ಕಡೆ ನಡೆದೆ.

ಇಲ್ಲಿಯವರೆಗೆ ಅಪ್ಪ ಮರೆಯುತ್ತಿದ್ದ. ನೆನಪಾದ ದಿನ ಬಿಗಿಯುತ್ತಿದ್ದ. ಇನ್ನು ನೆನಪಿದ್ದರೂ ಬಿಗಿಯುವುದಿಲ್ಲ.

ನಾನು ಹೋಗುತ್ತೇನಲ್ಲ. ನಾನಿರುತ್ತೇನಲ್ಲ ಅಲ್ಲಿ. ಇದನ್ನೇ ಹೇಳಿಕೊಂಡು ಮಲಗಬೇಕು.

ಮಾರ್ಚ್ ೨೭, ಶುಕ್ರವಾರ

ಪಾಪುವಿನ ಮೈ ಬಿಸಿ. ಸಂಜೆಯಿಂದ. ಹಲ್ಲು ಬರುತ್ತಿರಬೇಕು ಎನ್ನುತ್ತಾಳೆ ಅಮ್ಮ.

ಹಲ್ಲೇ ಆಗಿರಲಿ.

ಮಾರ್ಚ್ ೨೮, ಶನಿವಾರ

ಹಲ್ಲಲ್ಲ. ಬೆಳಗಿನ ಹೊತ್ತಿಗೆ ಜ್ವರ ಏರಿತ್ತು. ಡಾಕ್ಟರಮ್ಮ ಫೋನಿನಲ್ಲಿ, ಔಷಧಿ ಕೊಡಿ, ಒದ್ದೆ ಬಟ್ಟೆ ಹಾಕಿ, ಮಗುವನ್ನು ಎಲ್ಲಿಗೂ ಹೊರಡಿಸಬೇಡಿ ಎಂದರು. ಅವರನ್ನು ಬೇಡಿಕೊಂಡೆ. ಏನೆಂದು ಬೇಡಿಕೊಂಡೆ ಎಂದು ಈಗ ನೆನಪಿಲ್ಲ, ಜ್ವರವನ್ನು ಅವರೇ ಕಳಿಸಿದವರ ಹಾಗೆ.

ಬಾಗಿಲಲ್ಲಿ ಕುದುರೆ ಸಾಗಿಸುವ ಲಾರಿ ನಿಂತಿತ್ತು. ಬಡಾಯಿಯನ್ನು ಹತ್ತಿಸಿಯಾಗಿತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಡ್ರೈವರಿನ ಪಕ್ಕ ಕೂತಿದ್ದ. ಅಮ್ಮ ಬಿಳಿ ಪ್ಯಾಂಟನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕಾರಿನಲ್ಲಿದ್ದಳು. ತಂಗಿ ಕಾರು ಹತ್ತುವಾಗ ಕೈ ಹಿಡಿದೆ.

"ಹತ್ತೋ ಮುಂಚೆ ಹೊಟ್ಟೆಪಟ್ಟಿ ಒಂದು ಸಲ ನೀನೇ ನೋಡ್ಕೋತೀಯಾ?"

"ಅಕ್ಕಾ, ಹೊರಡುವಾಗ ಬೀಳೋ ಮಾತು ಬೇಡ ಕಣೇ."

"ಬೀಳೋ ಮಾತಲ್ಲ. ಬರೀ ನೋಡ್ಕೋ ಅಂದೆ."

"ಅಪ್ಪ ಇದಾನಲ್ಲ."

ಲಾರಿಯ ಕಿಟಕಿಯಿಂದ ಅಪ್ಪನಿಗೆ ಕೇಳಿಸಿತು. ತಲೆ ಹೊರಗೆ ಹಾಕಿ, "ನಾನಿದೀನಲ್ಲ ಮಗಳೇ. ನೀನು ಪಾಪುವನ್ನ ನೋಡ್ಕೋ," ಎಂದ. ಎಷ್ಟು ಪ್ರೀತಿಯಿಂದ ಹೇಳಿದನೆಂದರೆ ನಾನು ತಲೆಯಾಡಿಸಿಬಿಟ್ಟೆ. ಲಾರಿಯ ಬಾಗಿಲಿಗೆ ಎರಡು ಸಲ ತಟ್ಟಿದ. ಹೊರಟಿತು.

ಸಂಜೆ

ಪಾಪುವಿನ ಜ್ವರ ಇಳಿಯುತ್ತಿದೆ. ಹೋಗಿದ್ದರೂ ಆಗುತ್ತಿತ್ತು ಎನಿಸುತ್ತದೆ. ಹೋಗಿ ಜ್ವರ ಏರಿದ್ದರೆ ಇನ್ನೇನೋ ಎನಿಸುತ್ತಿತ್ತು.

ಇವರಿಗೆ ಫೋನ್ ಮಾಡಿದೆ. ಸ್ಥಾವರದೊಳಗೆ ಫೋನ್ ಬಿಡುವುದಿಲ್ಲ, ಪಾಳಿ ಮುಗಿಯುವುದು ಬೆಳಿಗ್ಗೆ. ಮೇಷ್ಟ್ರು ಈ ಸಲ ಹೋಗಿಲ್ಲ, ಅವರ ಫೋನ್ ಬಡಿದುಕೊಳ್ಳುತ್ತದೆ, ಎತ್ತುವವರಿಲ್ಲ. ಕೊನೆಗೆ ಅಮ್ಮ ಎತ್ತಿದಳು.

"ಅಮ್ಮಾ, ಅವಳಿಗೆ ಕೊಡು."

"ಮಲಗಿದಾಳೆ. ಫೋನ್ ಆಫ್ ಮಾಡಿ ನನ್ನ ಕೈಗೆ ಕೊಟ್ಟಿದಾಳೆ. ನಾಳೆ ಏಳಕ್ಕೆಲ್ಲ ಇವಳ ಸರದಿ ಬರಬಹುದು. ಪಾಪು ಹೇಗಿದೆ?"

"ಪಾಪು ಪರವಾಗಿಲ್ಲ. ಅಮ್ಮಾ ಕೇಳು. ಬಡಾಯಿ ಹೊಟ್ಟೆ ಉಬ್ಬಿಸೋದು ಬಿಟ್ಟಿಲ್ಲ. ಐದನೇ ತೂತಿಗೆ ಹಾಕ್ತಾ ಇದ್ದಿದ್ದು ನಾನು. ಅಪ್ಪ ತಟ್ಟಿದ ಮೇಲೆ ನಾನು ಕದ್ದು ಬಿಗೀತಿದ್ದೆ. ದಿನಾ."

ಆ ಕಡೆ ಯಾವುದೋ ಕುದುರೆ ಕೆನೆದದ್ದು ಕೇಳಿತು.

"ಅಪ್ಪ ಪಕ್ಕದಲ್ಲಿದಾನಾ?" ಎಂದೆ.

"ಹ್ಞೂಂ," ಎಂದಳು ಅಮ್ಮ. ಧ್ವನಿ ಬೇರೆಯಾಗಿತ್ತು. "ಹ್ಞೂಂ, ಊಟ ಆಯ್ತು ಎಲ್ಲಾರ್ದೂ."

"ಅಮ್ಮಾ, ನೀನಾದ್ರೂ ನೋಡ್ತೀಯಾ ನಾಳೆ?"

"ಕುದುರೆ ತಯಾರು ಮಾಡೋ ಜಾಗಕ್ಕೆ ಒಬ್ಬರಿಗೇ ಬಿಡೋದಂತೆ. ಅಪ್ಪಂಗೆ ಕೊರಳಿಗೆ ಹಾಕೋ ಚೀಟಿ ಕೊಟ್ಟಿದಾರೆ. ಆಗಿನಿಂದ ತೆಗೆದೇ ಇಲ್ಲ."

"ಹಾಗಾದ್ರೆ ಅವಳಿಗೆ ಹೇಳು. ಏಳೋವಾಗಲೇ ಹೇಳು."

"ಹೇಳ್ತೀನಿ ಬಿಡು."

ಫೋನ್ ಇಟ್ಟಳು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಹೇಳ್ತೀನಿ ಎಂದಿದ್ದರೆ ಹೇಳುತ್ತಿದ್ದಳು. ಹೇಳ್ತೀನಿ ಬಿಡು ಎಂದಳು. ಪ್ರವಾಸಕ್ಕೆ ಕಳಿಸ್ತೀನಿ ಬಿಡು, ಸೈಕಲ್ಲು ಕೊಡಿಸೋಣ ಬಿಡು, ಅಪ್ಪನ ಹತ್ರ ಮಾತಾಡ್ತೀನಿ ಬಿಡು. ಅಮ್ಮ 'ಬಿಡು' ಸೇರಿಸಿದ ಯಾವ ಮಾತೂ ನಮ್ಮ ಮನೆಯಲ್ಲಿ ನಡೆದದ್ದಿಲ್ಲ. ಅಪ್ಪನ ಮುಖ ನೋಡಿಕೊಂಡು ಅಮ್ಮ ಹೇಳಲಾರಳು. ನನ್ನ ಕೈಲಿ ಆಗದ್ದು ಅವಳ ಕೈಲಿ ಹೇಗೆ ಆದೀತು?

ರಾತ್ರಿ

ಇದು ನನಗಾಗಿ ಬರೆಯುತ್ತಿರುವುದಲ್ಲ. ನಿನಗೆ. ಈ ಪುಟದ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತೇನೆ. ಯಾರ ಸರದಿ ಯಾವಾಗ ಎಂದು ನೋಡಲು ಎದ್ದ ತಕ್ಷಣ ಅಮ್ಮನಿಂದ ಇಸಿದುಕೊಂಡು ಫೋನ್ ಆನ್ ಮಾಡುತ್ತೀಯ, ಅದು ಗೊತ್ತು. ಮೊದಲು ಇದನ್ನು ಓದು. ಮುಖ ತೊಳೆಯುವ ಮುಂಚೆ ಓದು.

ಬಡಾಯಿ ಬದಲಾಗಿಲ್ಲ. ಅವನು ಈಗಲೂ ಹೊಟ್ಟೆ ಉಬ್ಬಿಸುತ್ತಾನೆ. ಅಪ್ಪ ಎರಡನೇ ಸಲ ಬಿಗಿಯುವುದನ್ನು ಮರೆಯತೊಡಗಿದ್ದಾನೆ, ಅವತ್ತು ಜೀನು ಜಾರಿತಲ್ಲ, ಆಗಲೇ. ಆಮೇಲೆ ದಿನಾ ನಾನು ಬಿಗಿದೆ, ನೀನು ಕೈಗವಸು ಹಾಕಿಕೊಳ್ಳುವಾಗ. ಪಾಪುವಿಗೆ ಕುದುರೆ ತೋರಿಸುತ್ತಿರಲಿಲ್ಲ ಕಣೇ ನಾನು. ಐದನೇ ತೂತು ಅಪ್ಪನ ಕೈಯದಲ್ಲ, ಅವನ ಮೇಲಿನ ನಂಬಿಕೆಯದೂ ಅಲ್ಲ, ನನ್ನದು. ಮೊನ್ನೆ ನೀವಿಬ್ಬರೂ ಕಣ್ಣು ತುಂಬಿಕೊಂಡು ನಿಂತಾಗ ಹೇಳಬೇಕಾಗಿತ್ತು. ಆಗಲಿಲ್ಲ.

ನಾಳೆ ಅಪ್ಪ ಒಂದೇ ಸಲ ಬಿಗಿದು ತಟ್ಟುತ್ತಾನೆ. ನೀನು ಹತ್ತಬೇಡ. ಹೊಟ್ಟೆಪಟ್ಟಿಯ ಕೆಳಗೆ ಬೆರಳು ಹಾಕು. ಅಂಗೈ ಪೂರ್ತಿ ಒಳಗೆ ಹೋಗುತ್ತದೆ, ನೋಡು. ಕತ್ತಿನ ಮೇಲೆ ಕೈಯಿಟ್ಟು ಮಾತಾಡಿಸು, ಉಸಿರು ಬಿಡುತ್ತಾನೆ, ಆಗ ಎಳೆ. ಐದಕ್ಕೆ ಹಾಕು. ಅಪ್ಪ ನೋಡದ ಹಾಗೆ ಮಾಡಿದರೆ ಒಳ್ಳೆಯದು. ನೋಡಿದರೂ ಸರಿ. ಕೇಳಿದರೆ ಅಕ್ಕ ಹೇಳಿದಳು ಎನ್ನು. ಉಳಿದದ್ದನ್ನು ನೀವು ಮನೆಗೆ ಬಂದ ಮೇಲೆ ಅಪ್ಪನ ಎದುರು ಕೂತು ನಾನೇ ಹೇಳುತ್ತೇನೆ. ಅವನು ನನ್ನ ಮುಖ ನೋಡದಿದ್ದರೂ ಪರವಾಗಿಲ್ಲ.

ಅಕ್ಕನಿಗೆ ನಿದ್ದೆಯಿಲ್ಲ, ಅದಕ್ಕೇ ಹೀಗೆ ಎಂದು ಪಕ್ಕಕ್ಕೆ ಇಟ್ಟುಬಿಡಬೇಡ. ನಿದ್ದೆಯಿಲ್ಲ, ನಿಜ. ಎಚ್ಚರವಾಗಿದ್ದುದರಿಂದಲೇ ನೋಡಿದೆ.

ಓದಿದೆ ಎಂದು ಗೊತ್ತಾಗುವ ಗುರುತು ನನಗೆ ಸಾಲದು. ನಿನ್ನ ಧ್ವನಿ ಬೇಕು. ಫೋನು ನನ್ನ ಮಡಿಲಲ್ಲೇ ಇದೆ, ಪಾಪುವಿನ ಪಕ್ಕದಲ್ಲಿ. ಬೈಯುವುದಕ್ಕಾದರೂ ಮಾಡು. ಹುಚ್ಚಿ ಎನ್ನುವುದಕ್ಕಾದರೂ ಮಾಡು. ಏನೂ ಮಾತಾಡದೆ ಇಟ್ಟರೂ ಸರಿ, ಮಾಡು. ಬೆಳಕು ಹರಿಯುವುದರೊಳಗೆ ಮಾಡು ಕಣೇ, ದಮ್ಮಯ್ಯ, ಬೆಳಕು ಹರಿಯುವುದರೊಳಗೆ.